ಆಕಾಶನ ಗಿಟಾರು ಕೂಡಿಸಿದ ದಿನ

ಎಲ್ಲಾ ಆಗಿದ್ದು ಒಂದು ಚಮಚ ಶೇಂಗಾ ಚಟ್ನಿಯಿಂದ.

ನೆಹರು ನಗರದ ಪದ್ಮವ್ವ ಮುಂಜಾನೆ ಎಂಟರ ಬಸ್ಸಿಗೆ ಖಾನಾಪುರಕ್ಕೆ, ಮಗಳು ತ್ರಿವೇಣಿಯ ಮನೆಗೆ ಹೊರಟಿದ್ದಳು. ಹಿಂದಿನ ಕೋಣೆಯ ಬಾಡಿಗೆದಾರ ಯಲ್ಲೇಶನ ಕೈಯಲ್ಲಿ ಕೀಲಿ ಇಟ್ಟು, "ರೊಟ್ಟಿ ಬುಟ್ಟ್ಯಾಗ ಅದಾವು. ಚಟ್ನಿ ಡಬ್ಬಿ ಕಪಾಟಿನ ಮ್ಯಾಲ ಐತಿ. ರಜಾ ಐತೆಂತ ಉಪಾಸ ಮಲಗಬ್ಯಾಡ" ಎಂದು ಹೇಳಿ ಹೋದಳು.

ಡಬ್ಬಿಯ ಬಾಜೂಕೆ ಒಂದು ಕರೀ ಚೀಲ. ಅದರೊಳಗೆ ಅವಳ ಮಗ ಆಕಾಶನ ಎಲೆಕ್ಟ್ರಿಕ್ ಗಿಟಾರು. ಆಕಾಶ ತೀರಿಕೊಂಡು ಆರು ವರ್ಷವಾಗಿತ್ತು. ಆ ಚೀಲವನ್ನು ಪದ್ಮವ್ವನ ಹೊರತು ಯಾರೂ ಮುಟ್ಟುವಂತಿರಲಿಲ್ಲ.

ಯಲ್ಲೇಶ ಸ್ಟೂಲು ಹತ್ತಿ ಡಬ್ಬಿ ಎಳೆದ. ಅದರ ಬೆನ್ನಿಗೆ ಚೀಲವೂ ಬಂತು. ಚಟ್ನಿ ಅವನ ತಲೆಯ ಮೇಲೆ, ಚೀಲ ನೆಲದ ಮೇಲೆ. ಜಿಪ್ ತೆಗೆದು ನೋಡಿದರೆ ಗಿಟಾರಿನ ಕುತ್ತಿಗೆ ಮುರಿದು ಸೀಳಿಹೋಗಿತ್ತು. ತಂತಿಗಳು ಸತ್ತ ಜಿರಳೆಯ ಮೀಸೆಯ ಹಾಗೆ ಎದ್ದಿದ್ದವು. ಹೊಟ್ಟೆಯೊಳಗಿನ ವೈರು ಹೊರಗೆ ಬಿದ್ದಿತ್ತು.

"ಯಲ್ಲೇಶಾ, ಏನೋ ಅದು ಬಿದ್ದಿದ್ದು?" ಗೋಡೆಯಾಚೆಯಿಂದ ಗೌರವ್ವನ ದನಿ ಬಂತು. ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿತೆಂದು ಕೂತಲ್ಲೇ ಹೇಳುವ ಕಿವಿ ಅವಳದು.

"ನಾನ ಬಿದ್ದೆರಿ, ಕಾಕು."

"ನೀ ಬಿದ್ರ ಇಷ್ಟ ಛಂದ ಸಪ್ಪಳ ಆಗಂಗಿಲ್ಲ."

ಯಲ್ಲೇಶನಿಗೆ ತಾಯಿ ಇರಲಿಲ್ಲ. ಎರಡು ವರ್ಷದಿಂದ ಪದ್ಮವ್ವನ ಅಡುಗೆಮನೆಯಲ್ಲಿ ಅವನದೊಂದು ತಾಟು ಇತ್ತು, "ಉಂಡೇನೋ?" ಎಂದು ಕೇಳುವ ಒಂದು ಬಾಯಿ ಇತ್ತು. ಈ ಜಗತ್ತು ಅವನಿಗೆ ಕೊಟ್ಟದ್ದು ಅಷ್ಟೇ, ಅದನ್ನೂ ಕಸಿದುಕೊಳ್ಳಲು ಕಪಾಟಿನ ಮೇಲೆ ಹೊಂಚು ಹಾಕಿ ಕೂತಿತ್ತು. ಸಂಜೆ ಅವಳು ಬರುವುದರೊಳಗೆ ಗಿಟಾರು ಕೂಡಲೇಬೇಕಿತ್ತು.

ಖಾಲಿ ಚೀಲಕ್ಕೆ ತಲೆದಿಂಬು ತುಂಬಿ ಮೇಲಿಟ್ಟ. ಗಿಟಾರನ್ನು ಚಾದರದಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಉದ್ಯಮಬಾಗದ ಬಸ್ಸು ಹತ್ತಿದ. ಮುರಿದ ಕುತ್ತಿಗೆ ಜ್ವರ ಬಂದ ಕೂಸಿನದರಂತೆ ಅವನ ಬೆನ್ನ ಮೇಲೆ ಜೋಲುತ್ತಿತ್ತು. ಮುಂದಿನ ಸೀಟಿನ ಹೆಂಗಸು ಎದ್ದು ಜಾಗ ಬಿಟ್ಟುಕೊಟ್ಟಳು.

"ಕೂಸಿಗೆ ಆರಾಮಿಲ್ಲೇನ್ರಿ? ದವಾಖಾನಿ ಹಿಂದ ಉಳೀತಲ್ಲ."

"ಉದ್ಯಮಬಾಗದಾಗ ತೋರಸ್ತೀನ್ರಿ."

"ಅಲ್ಲಿ ಯಾವ ಡಾಕ್ಟರ್ ಅದಾನ್ರಿ?"

"ಬಡಿಗ್ಯಾ ಅದಾನ್ರಿ, ಛಲೋ ಕೂಡಸ್ತಾನ."

ಆ ಹೆಂಗಸು ಉಳಿದ ದಾರಿಯುದ್ದಕ್ಕೂ ಅವನನ್ನು ಪೊಲೀಸರಿಗೆ ಹಿಡಿದುಕೊಡಬೇಕಾದ ತಂದೆಯನ್ನು ನೋಡುವ ಹಾಗೆ ನೋಡಿದಳು.

ಯಲ್ಲೇಶ ವೈರ್‌ಮನ್ ಆಗಿದ್ದ ಉದ್ಯಮಬಾಗದ ಕಬ್ಬಿಣ ಎರಕದ ಫೌಂಡ್ರಿಯಲ್ಲಿ ಕೆಲಸಗಾರನ ಬೆರಳು ಹೋದರೆ ಮೂರು ಫಾರ್ಮು ತುಂಬಿಸಿಕೊಳ್ಳುತ್ತಿದ್ದರು. ಮೂರು ತುಂಬಿದರೂ ಬೆರಳು ಮಾತ್ರ ಬರುತ್ತಿರಲಿಲ್ಲ. ಆದರೆ ಬೆರಳು ಉಳಿದವರು ಏನನ್ನಾದರೂ ಕೂಡಿಸಬಲ್ಲವರಾಗಿದ್ದರು. ಖಾನಾಪುರದ ಉಳವಪ್ಪ ಅಲ್ಲಿ ಎರಕದ ಅಚ್ಚಿಗೆ ಬೇಕಾದ ಕಟ್ಟಿಗೆಯ ಪ್ಯಾಟರ್ನು ಮಾಡುವವನು. ಚಾದರ ಬಿಚ್ಚಿ ನೋಡಿ, "ಇದರ ಕುತಗಿ ಹೋತು. ಹೊಸಾದ ಮಾಡೂಣು" ಎಂದು ತೇಗದ ತುಂಡೊಂದನ್ನು ಎಳೆದುಕೊಂಡ. ಆಗ ಹತ್ತು ಗಂಟೆ.

ಕೆತ್ತಿದ್ದು ಹೂವಿನಂತೆ ಕೆತ್ತಿದ. ತಂತಿ ಕಟ್ಟಲು ಹೋದರೆ ತಂತಿ ಸಾಲಲಿಲ್ಲ. ಕಾದ ಕಬ್ಬಿಣ ಆರಿದ ಮೇಲೆ ಸಣ್ಣದಾಗುತ್ತದೆಂದು ಪ್ಯಾಟರ್ನಿನವರ ಅಳತೆಪಟ್ಟಿಯನ್ನೇ ನೂರಕ್ಕೊಂದು ಪಾಲು ಹಿಗ್ಗಿಸಿ ಮಾಡಿರುತ್ತಾರೆ. ಮೂವತ್ತು ವರ್ಷ ಉಳವಪ್ಪ ಹಿಡಿದದ್ದು ಅದೊಂದೇ ಪಟ್ಟಿ.

"ಆರಿದ ಮ್ಯಾಲ ಸರಿ ಹೋಗ್ತೈತಿ ತಗೋ," ಎಂದ.

"ಮಾಮಾ, ಇದು ಕಟಗಿ. ಕಾದೇ ಇಲ್ಲ, ಆರೂದೆಲ್ಲಿಂದ?"

ಉಳವಪ್ಪ ಪಟ್ಟಿಯನ್ನು ತಿರುವಿ ತಿರುವಿ ನೋಡಿದ, ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿ ಸುಳ್ಳಾಡಿದ್ದು ಇವತ್ತು ಗೊತ್ತಾದವನಂತೆ. ಆಮೇಲೆ ಮತ್ತೊಂದು ತುಂಡು ತೆಗೆದುಕೊಂಡ.

ಎರಡನೆಯ ಕುತ್ತಿಗೆ ಸರಿಯಾಗಿ ಕೂತಿತು. ಹಳೆಯದರ ಮೇಲಿದ್ದ ಇಪ್ಪತ್ತೆರಡು ಲೋಹದ ಗೆರೆಗಳನ್ನು ಒಂದೊಂದಾಗಿ ಬಿಚ್ಚಿ ಹೊಸದಕ್ಕೆ ಕೂಡಿಸಿದ. ಸ್ವರ ಹುಟ್ಟುವುದು ಬೆರಳು ಆ ಗೆರೆಗಳ ಮೇಲೆ ತಂತಿಯನ್ನು ಒತ್ತಿದಾಗ. ಅಷ್ಟರಲ್ಲಿ ಬಾಳಾಸಾಹೇಬ ಬಂದು, "ಕೊಡ ಇಲ್ಲೆ, ಪಾಲಿಶ್ ಹೊಡೀತೀನಿ" ಎಂದು ಗಿಟಾರು ಒಯ್ದ. ಎರಕದ ಮೇಲೆ ಎದ್ದ ಗಂಟುಗಳನ್ನು ಗ್ರೈಂಡರಿನಿಂದ ತಿಕ್ಕಿ ಹಾಕುವುದು ಅವನ ಕೆಲಸ. ಹತ್ತು ನಿಮಿಷಕ್ಕೆ ವಾಪಸು ತಂದ.

"ಭಾಳ ಉಬ್ಬ ಇದ್ವು ನೋಡ. ಎಲ್ಲಾ ಸಪಾಟ ಮಾಡೇನಿ."

ಇಪ್ಪತ್ತೆರಡೂ ಗೆರೆ ನೆಲಸಮವಾಗಿದ್ದವು. ಉಳವಪ್ಪ ಅವನ್ನೆಲ್ಲ ಕಿತ್ತು ಹಾಕಿದ. ಆಮೇಲೆ ಹಿತ್ತಾಳೆ ತಂತಿಯ ಸುರುಳಿ ತೆಗೆದು, ಕತ್ತರಿಸಿ, ಬಡಿದು, ಮತ್ತೆ ಒಂದರಿಂದ ಎಣಿಸತೊಡಗಿದ.

ವೈರು ಬೆಸೆದದ್ದು ಯಲ್ಲೇಶನೇ. ಪರೀಕ್ಷಿಸಲು ಗಿಟಾರಿನ ಸ್ಪೀಕರ್ ಡಬ್ಬಿ ಇಲ್ಲದೆ ಆಫೀಸಿನ ಮೈಕಿನ ಮಶೀನಿಗೆ ಜೋಡಿಸಿ ಒಂದೇ ಸಲ ತಂತಿ ಮೀಟಿದ. ಅಂಗಳದ ನಾಲ್ಕೂ ಭೋಂಗಾ ಸ್ಪೀಕರುಗಳಿಂದ ಕೋಣವೊಂದು ಬಾವಿಗೆ ಬಿದ್ದ ಸಪ್ಪಳ ಎದ್ದಿತು. ಪಾಳಿ ಮುಗಿದ ಸೈರನ್ ಎಂದುಕೊಂಡು ಅರ್ಧ ಫೌಂಡ್ರಿ ಕೈ ತೊಳೆದುಕೊಂಡು ಗೇಟಿಗೆ ಬಂತು. ತಣ್ಣನೆಯ ಕೋಣೆಯಲ್ಲಿ ಮಲಗಿದ್ದ ಸೂಪರ್ವೈಸರನಿಗೂ ಎಚ್ಚರವಾಯಿತು, ಅದು ಆ ವರ್ಷದಲ್ಲಿ ಮೊದಲ ಸಲ.

"ಒಂದ ವಾರ ಈ ಕಡೆ ಹಾಯಬ್ಯಾಡ," ಎಂದ.

ಯಲ್ಲೇಶನಿಗೆ ಅದು ಕೇಳಿಸಲೇ ಇಲ್ಲ. ಫೋನಿನಲ್ಲಿ ಗೌರವ್ವ ಇದ್ದಳು: "ನಿಮ್ಮ ಮನ್ಯಾಗ ಏನೋ ಬಿತ್ತು ಅಂತ ಪದ್ಮವ್ವಗ ಹೇಳೇನಿ. ಆಗಲೇ ಬಸ್ಸ ಹತ್ಯಾಳ."

ಓಡಿ ಬಂದು ಗಿಟಾರನ್ನು ಚೀಲಕ್ಕೆ ಸೇರಿಸಿ ಮೇಲಿಟ್ಟು ಬೆವರು ಒರೆಸಿಕೊಳ್ಳುವಾಗ ಪದ್ಮವ್ವ ಬಂದಳು. ಬಾಗಿಲಲ್ಲಿ ಗೌರವ್ವ. ಪದ್ಮವ್ವ ಕಾಲೂ ತೊಳೆಯದೆ ಚೀಲ ಇಳಿಸಿ ತೊಡೆಯ ಮೇಲಿಟ್ಟುಕೊಂಡು ಕೈಯಾಡಿಸಿದಳು. ಕೈ ಒಂದು ಕಡೆ ನಿಂತಿತು.

"ಇಲ್ಲೆ ಮಡಚತಿತ್ತು," ಎಂದಳು. ಜಿಪ್ ತೆಗೆದಳು.

ಯಲ್ಲೇಶ ಕಾಲಿಗೆ ಬಿದ್ದ. "ತಪ್ಪಾತವ್ವಾ. ನನ್ನ ಕೈಲೆ ಬಿದ್ದ ಮುರೀತು. ಕೂಡಿಸೇನಿ."

"ನೀ ಎಲ್ಲಿ ಮುರದೀ. ಆರ ವರ್ಷಾತು ಮುರದು. ನಾನ ಕಂಬಕ್ಕ ಬಡದಿದ್ದೆ." ಅವಳು ಗಿಟಾರಿಗೇ ಹೇಳುವವಳಂತೆ ಹೇಳಿದಳು. "ಕಾಲೇಜ ಬಿಟ್ಟು ಮದಿವ್ಯಾಗ ಬಾರಿಸಿಕೋತ ತಿರಗತಾನಂತ ಸಿಟ್ಟ ಬಂತು. 'ಇದು ಇನ್ನ ಕೂಡಂಗಿಲ್ಲ ಯವ್ವಾ' ಅಂದ. ಮೂರ ದಿನ ಮಾತಾಡಲಿಲ್ಲ. ನಾನರೇ ಮಾತಾಡಸಬೇಕಿಲ್ಲೋ? ಅದು ಕೂಡಂಗಿಲ್ಲ ಅಂದ ಮ್ಯಾಲ ಏನಂತ ಮಾತಾಡಸಲಿ ಅಂತ ಸುಮ್ಮನಾದೆ. ನಾಕನೇ ದಿನ ಖಾನಾಪುರ ರಸ್ತೇದಾಗ ಅವನ ಮ್ಯಾಲ ಟಿಪ್ಪರ್ ಹಾದು ಹೋತು."

ಯಲ್ಲೇಶನಿಗೆ, ನಾಚಿಕೆಗೇಡಿ ಜೀವ, ಮೊದಲು ಅನಿಸಿದ್ದು ಸಮಾಧಾನ: ತಾನು ಮುರಿದಿಲ್ಲ, ತಾನು ಉಳಿದೆ.

ಪದ್ಮವ್ವ ಹೊಸ ತೇಗದ ಮೇಲೆ ಬೆರಳಾಡಿಸಿದಳು. "ಎಷ್ಟೊತ್ತ ಹಿಡೀತೋ ಇದಕ್ಕ?"

ಮುಂಜಾನೆಯಿಂದ ಕಂಡಕಂಡವರಿಗೆ ಸುಳ್ಳು ಹೇಳಿದ್ದ ಯಲ್ಲೇಶ, ಸುಳ್ಳು ಬೇಕಾಗಿದ್ದ ಆ ಒಂದು ಗಳಿಗೆಯಲ್ಲಿ ಖರೇ ಹೇಳಿದ.

"ಭಾಳ ಇಲ್ಲವ್ವಾ. ಆರ ತಾಸು."

"ಆರ ತಾಸು," ಎಂದಳು. ಜಿಪ್ ಹಾಕಲು ಹೋದ ಬೆರಳಿಗೆ ಜಿಪ್ ಸಿಗಲಿಲ್ಲ. "ನನಗ ಮೂರ ದಿನಾ ಇದ್ದುವಲ್ಲೋ, ಯಲ್ಲೇಶಾ."

ಚೀಲವನ್ನು ಅವುಚಿಕೊಂಡು ಒಳಗೆ ಹೋಗಿ ಕದ ಮುಚ್ಚಿದಳು. ಒಳಗಿನಿಂದ ಅಗಳಿ ಬಿದ್ದ ಸಪ್ಪಳ ಹೊರಗಿದ್ದ ಇಬ್ಬರಿಗೂ ಕೇಳಿಸಿತು.