ಹೂವಿನ ವಾರದ ತಪಾಸಣೆ

ಕಾಫಿ ಹೂವಾದ ವಾರದಲ್ಲಿ ನನಗೆ ಯಾರ ಮೇಲೂ ಅನುಮಾನ ಬರುವುದಿಲ್ಲ. ಇದು ನನ್ನ ಹುಟ್ಟುಗುಣ. ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಎದ್ದರೆ ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗಿರುತ್ತದೆ. ಪರಿಮಳ ಕಿಟಕಿಯಿಂದ ಒಳಗೆ ಬಂದು ಮನೆಯವರ ಹಾಗೆ ಕೂತಿರುತ್ತದೆ. ಆ ವಾರ ಹಾಲಿಗೆ ಬೆರೆಸಿದ ನೀರೂ ನನಗೆ ರುಚಿ. ಅತ್ತೆಯ ಮಾತಿನಲ್ಲಿ ಕೊಂಕು ಕಾಣುವುದಿಲ್ಲ. ನನ್ನ ಗಂಡ ಇದನ್ನು ಮದುವೆಯಾದ ವರ್ಷವೇ ಕಂಡುಕೊಂಡು, ಒಪ್ಪಿಗೆ ಬೇಕಾದ ವಿಷಯಗಳನ್ನೆಲ್ಲ ಹೂವಿನ ವಾರಕ್ಕೇ ಎತ್ತಿಡುತ್ತಾರೆ.

ಇಂಥ ನಾನು ಮೂಡಿಗೆರೆಯ ಕಾಲೇಜೊಂದರಲ್ಲಿ ಅನುಮಾನ ಪಡುವುದನ್ನೇ ಪಾಠ ಮಾಡುತ್ತಿದ್ದೆ ಎಂದರೆ ನೀವು ನಗಬಹುದು. ಎರಡು ಸಾವಿರದ ಇಸವಿ ದಾಟಿದ ಹೊಸತು. ಕಂಪನಿಗಳು ಮೈಗೆ ಹಸಿರು ಬಳಿದುಕೊಂಡು ಪರಿಸರಪ್ರೇಮಿಗಳಾಗುವ ವಿದ್ಯೆ ಆಗತಾನೇ ನಮ್ಮ ಕಡೆಗೂ ಬಂದಿತ್ತು. ವಾಣಿಜ್ಯದ ಮಕ್ಕಳಿಗೆ ನಾನು ಮೂರು ಪ್ರಶ್ನೆ ಕಲಿಸಿದ್ದೆ: ಹೇಳಿದವರು ಯಾರು, ಕಣ್ಣಾರೆ ಕಂಡವರು ಯಾರು, ಹೇಳದೆ ಬಿಟ್ಟಿದ್ದೇನು? ಸೋಪಿನ ಪೊಟ್ಟಣದ ಮೇಲಿನ ಎಲೆಯ ಚಿತ್ರವನ್ನು ಹಿಡಿದು ಮಕ್ಕಳು ಪೀರಿಯಡ್ ಪೂರ್ತಿ ಜಗ್ಗಾಡುತ್ತಿದ್ದರು. ನನಗೋ ಹೆಮ್ಮೆ.

ಆ ಫೆಬ್ರವರಿಯಲ್ಲಿ ಹತ್ತಿರದ ಎಸ್ಟೇಟಿನ ಗೌಡರು ಕಾಲೇಜಿಗೆ ಬಂದರು. ತಮ್ಮ ತೋಟ ಪರಿಸರಸ್ನೇಹಿ ಎಂದು ಕಾಲೇಜು ಒಂದು ಪ್ರಶಂಸಾಪತ್ರ ಕೊಟ್ಟರೆ ಕಾಫಿ ಕೊಳ್ಳುವ ಹೊರದೇಶದವರಿಗೆ ತೋರಿಸಬಹುದಂತೆ. ಪ್ರಿನ್ಸಿಪಾಲರು ಆ ಕೆಲಸವನ್ನು ನನಗೆ ದಾಟಿಸಿದರು.

"ಹೂವಿನ ಟೈಮಲ್ಲಿ ಬನ್ನಿ ಮೇಡಂ, ನೋಡಕ್ಕೆ ಎರಡು ಕಣ್ಣು ಸಾಲದು" ಎಂದರು ಗೌಡರು.

ಕ್ಲಾಸಿನಲ್ಲಿ ವಿಷಯ ಹೇಳಿದಾಗ ಎರಡನೇ ವರ್ಷದ ಸುಜಾತ ಎಂಬ ಹುಡುಗಿ ಎದ್ದು ನಿಂತಳು. ಅವಳ ಊರು ಜಾವಳಿ ಕಡೆ, ಆ ತೋಟದ ಕೆಳಗೇ. "ಬ್ಯಾಡ ಮೇಡಂ, ಡಿಸೆಂಬರಲ್ಲಿ, ಪಲ್ಪಿಂಗ್ ಟೈಮಲ್ಲಿ ಹೋಗಣ. ಹಣ್ಣಿನ ಸಿಪ್ಪೆ ತೆಗೆದ ನೀರೆಲ್ಲ ನಮ್ಮ ಹಳ್ಳಕ್ಕೇ ಬಿಡ್ತಾರೆ. ದನ ಮೂಸಿ ನೋಡಿ ವಾಪಸ್ ಬರ್ತವೆ. ಆ ಪತ್ರ ಕೊಟ್ಟುಬಿಟ್ರೆ ಆಮೇಲೆ ನಮ್ಮ ಮಾತು ಯಾರು ಕೇಳ್ತಾರೆ?"

ನಾನು ಗೌಡರ ಮಾತು ಕೇಳಿದೆ.

ಮಾರ್ಚಿನಲ್ಲಿ ಎರಡು ಜೀಪು ತುಂಬಿಕೊಂಡು ಹೋದೆವು. ಆ ದಿನವನ್ನು ನೆನೆದರೆ ಈಗಲೂ ಕಣ್ಣು ಮುಚ್ಚಿಕೊಳ್ಳುತ್ತದೆ. ರೆಂಬೆ ರೆಂಬೆಗೂ ಬಿಳಿ ಹೂವು, ಜೇನ್ನೊಣಗಳ ಒಂದೇ ಶ್ರುತಿ, ಹಲಸಿನ ಮರಗಳ ನಡುವಿಂದ ಸೋಸಿ ಬರುವ ಬಿಸಿಲು. ನಾನು ಒಂದು ಬಂಡೆಯ ಮೇಲೆ ಕೂತೆ. ಎಷ್ಟು ಹೊತ್ತು ಕೂತೆನೋ ತಿಳಿಯದು. ಪಲ್ಪಿಂಗ್ ಮುಗಿದು ಯಾವ ಕಾಲವಾಗಿತ್ತೋ, ಹಳ್ಳದ ನೀರು ತಿಳಿಯಾಗಿ ಹರಿಯುತ್ತಿತ್ತು. ಮೂರು ಪ್ರಶ್ನೆಗಳು ಜೀಪಿನಲ್ಲೇ ಉಳಿದಿದ್ದವು. ಮನೆಗೆ ಬಂದು ಪ್ರಶಂಸಾಪತ್ರ ಬರೆದೆ. ಅದರಲ್ಲಿ "ಸ್ವರ್ಗಸದೃಶ" ಎಂಬ ಪದವೂ ಇತ್ತು.

ಮರುದಿನ ಸುಜಾತ ಸ್ಟಾಫ್ ರೂಮಿಗೆ ಬಂದಳು. "ಮೇಡಂ, ಮೂರನೇ ಪ್ರಶ್ನೆ ನಾವು ಕೇಳ್ಲೇ ಇಲ್ಲ."

"ಅವರು ಎಲ್ಲಾನೂ ತೋರಿಸಿದ್ರಲ್ಲೇ!"

"ಡಿಸೆಂಬರ್ ತೋರಿಸ್ಲಿಲ್ಲ."

ಸ್ವರ್ಗ ಡ್ರಾಯರ್ ಸೇರಿತು. ಪತ್ರ ಡಿಸೆಂಬರ್ ನೋಡಿದ ಮೇಲೇ ಎಂದು ಪ್ರಿನ್ಸಿಪಾಲರಿಗೆ ಹೇಳಿದೆ.

ಡಿಸೆಂಬರಿನಲ್ಲಿ ಗೌಡರನ್ನೂ ಕರೆದುಕೊಂಡು, ತೋಟಕ್ಕಲ್ಲ, ಸುಜಾತಳ ಮನೆ ಹಿಂದಿನ ಹಳ್ಳಕ್ಕೆ ಇಳಿದೆವು. ನೀರು ಕಪ್ಪಾಗಿತ್ತು. ಹೂವಿಗೆ ಕರಗುವ ನನ್ನ ಮೂಗು ಆ ಹುಳಿ ನಾತಕ್ಕೆ ಸೆರಗಿನೊಳಗೆ ಅವಿತುಕೊಂಡಿತು. ಸುಜಾತಳ ಅಮ್ಮ ಮಾತ್ರ ಮೂಗು ಮುಚ್ಚಿರಲಿಲ್ಲ. "ನಮಗೆ ರೂಢಿ ಗೌಡ್ರೇ" ಎಂದರು, ಅಷ್ಟೇ.

ಗೌಡರು ಕರವಸ್ತ್ರ ತೆಗೆದವರು ಅದನ್ನು ಮೂಗಿಗೆ ಹಿಡಿಯಲಾರದೆ ಮತ್ತೆ ಜೇಬಿಗಿಟ್ಟರು. "ಚಿಕ್ಕೋನಿದ್ದಾಗ ಇಲ್ಲೇ ಈಜ್ತಿದ್ದೆ ಮಾರಾಯ್ರೇ. ಆಮೇಲೆ ಈ ಕಡೆ ಇಳಿದೇ ಇಲ್ಲ" ಎಂದರು. ಆ ಸುಗ್ಗಿ ಮುಗಿಯುವುದರೊಳಗೆ ಪಲ್ಪರ್ ಮನೆಯ ಪಕ್ಕ ನೀರು ಇಂಗುವ ದೊಡ್ಡ ಹೊಂಡಗಳನ್ನು ತೋಡಿಸಿದರು. ಪತ್ರವನ್ನು ಮಾತ್ರ ನಾವು ಮುಂದಿನ ಡಿಸೆಂಬರಿಗೆ ಕಾದಿರಿಸಿದೆವು.

ಮತ್ತೆ ಮಾರ್ಚ್ ಬಂತು, ಹೂವಾಯಿತು. ನಾನು ಹೊಸ ಬ್ಯಾಚಿಗೆ ಈ ಕಥೆ ಹೇಳುತ್ತಿದ್ದೆ. ಕಿಟಕಿಯಿಂದ ಪರಿಮಳ ತೇಲಿ ಬರುತ್ತಿತ್ತು, ನನ್ನ ಕಥೆಯೂ ಸ್ವಲ್ಪ ತೇಲುತ್ತಿತ್ತು. ಹಳ್ಳದ ಬಗ್ಗೆ ಮೊದಲಿಂದಲೂ ಅನುಮಾನ ಇದ್ದದ್ದು ನನಗೇ, ಹೂವಿಗೆಲ್ಲ ಮರುಳಾಗುವವಳಲ್ಲ ನಾನು, ಎಂಬಲ್ಲಿಗೆ ಬಂದಿದ್ದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಹಾಜರಿ ಪುಸ್ತಕ ಕೊಡಲು ಬಂದ ಸುಜಾತ ಬಾಗಿಲಲ್ಲಿ ನಿಂತು ಅಷ್ಟನ್ನೂ ಕೇಳಿಸಿಕೊಂಡಿದ್ದು ನನಗೆ ಗೊತ್ತೇ ಆಗಲಿಲ್ಲ.

ಪುಸ್ತಕ ಮೇಜಿನ ಮೇಲಿಟ್ಟು, ಬಹಳ ವಿನಯದಿಂದ ಕೇಳಿದಳು: "ಮೇಡಂ, ಕಿಟಕಿ ಹಾಕ್ಲಾ?"