ಎರಡಕ್ಷರ ಬಿಟ್ಟ ಬೋರ್ಡು

ಹಲಗೆ ಗಿಡ್ಡ, ಮಾತು ಉದ್ದ. ಎಡವಟ್ಟಾದದ್ದೇ ಅಲ್ಲಿ. ಪಂಪ್‌ಹೌಸಿನ ಗೇಟಿಗೆ ‘ಅನ್‌ಆಥರೈಸ್ಡ್ ಪರ್ಸನ್ಸ್ ನಾಟ್ ಅಲೌಡ್’ ಎಂದು ಇಂಗ್ಲಿಷಿನಲ್ಲಿ ಬರೆಯಬೇಕಿದ್ದ ಪೇಂಟರ್, ಜಾಗ ಸಾಲದೆ ಮೊದಲಿನ ಎರಡಕ್ಷರ ಕೈಬಿಟ್ಟ. ಇನಿಷಿಯಲ್ ಬಿಟ್ಟರೆ ಆಸಾಮಿ ಬದಲಾಗುತ್ತಾನೆಯೇ ಎಂಬುದು ಅವನ ಲೆಕ್ಕ.

ಮರುದಿನ ಬೆಳಿಗ್ಗೆ ಬೀದಿಯ ನಲ್ಲಿಗಳೆಲ್ಲ ಬರೀ ಗಾಳಿ ಕೆಮ್ಮಿದವು. ಪೇಂಟರ್ ಹಲ್ಲುಜ್ಜುತ್ತಿರುವಾಗಲೇ ಪಕ್ಕದ ಮನೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಖಾಲಿ ಬಕೆಟ್ ಹಿಡಿದು ಬಂದರು.

“ಏನಯ್ಯಾ ಬರೆದಿಟ್ಟಿದ್ದೀಯ? ಅನ್‌ಆಥರೈಸ್ಡ್ ಅಂದ್ರೆ ಅನುಮತಿ ಇಲ್ಲದೋರು. ‘ಅನ್’ ಕಿತ್ತುಹಾಕಿದ್ರೆ ಅನುಮತಿ ಇರೋರು ಅಂತಾಗುತ್ತೆ. ಹೊಸ ಗಾರ್ಡು ಮಿಲಿಟರಿಯೋನು. ಬೋರ್ಡ್ ಓದಿ ಪಂಪ್ ಆಪರೇಟರನ್ನೇ ವಾಪಸ್ ಕಳಿಸಿದಾನೆ. ಅವನೂ ಇದೇ ನೆಪ ಅಂತ ಅಕ್ಕನ ಮನೆಗೆ ಹೋಗಿಬಿಟ್ಟ.”

ಬಾಯಿ ಮುಕ್ಕಳಿಸಲೂ ನೀರಿಲ್ಲದೆ ಪೇಂಟರ್ ಬಣ್ಣದ ಡಬ್ಬಿ ಹಿಡಿದು ಓಡಿದ. ಹಿಂದೆ ಕೊಡಗಳ ಮೆರವಣಿಗೆ. ಅದರಲ್ಲಿ ಅವನ ಹೆಂಡತಿಯೂ ಇದ್ದಳು.

ಗಾರ್ಡು ಲಾಠಿ ಅಡ್ಡ ಹಿಡಿದ. “ಬೋರ್ಡ್ ತಿದ್ದೋಕೆ ಅನುಮತಿ ಇದೆಯಾ?”

“ಇಲ್ಲ ಸಾರ್.”

“ಹಾಗಾದ್ರೆ ಮುಟ್ಟಬೇಡಿ. ಒಳಗೆ ಹೋಗೋಕೆ ಇದೆಯಾ?”

“ಅದೂ ಇಲ್ಲ.”

“ಸರಿ, ಹೋಗಿ,” ಎಂದು ಗಾರ್ಡು ಗೇಟು ತೆರೆದ.

ಮೇಷ್ಟ್ರು ಬೆನ್ನಿಗೆ ಕೈಯಿಟ್ಟು ತಳ್ಳಿದರು. “ಹೋಗಯ್ಯಾ, ಹಸಿರು ಗುಂಡಿ ಒತ್ತು.”

ಪೇಂಟರ್ ಕಣ್ಣು ಮುಚ್ಚಿ ಒತ್ತಿದ. ನಿದ್ದೆಗೆಟ್ಟ ಮಾವನ ಹಾಗೆ ಪಂಪು ಗುರುಗುಟ್ಟಿ, ಆಮೇಲೆ ಒಂದೇ ಸಮನೆ ಓಡಿತು. ಹೊರಗಿನ ನಲ್ಲಿಯಲ್ಲಿ ನೀರು ಧುಮುಕಿತು.

ಅಷ್ಟರಲ್ಲಿ ಗಾರ್ಡಿಗೆ ನೀರು ಸರಬರಾಜಿನ ಎಂಜಿನಿಯರ್ ಫೋನು. ಗಾರ್ಡು ಅದನ್ನು ಕಿಟಕಿಯಿಂದ ಪೇಂಟರನ ಕೈಗಿತ್ತ.

“ಪಂಪಿನ ಸದ್ದು ಕೇಳ್ತಿದೆ, ಹಾಕಿದ್ದು ಯಾರ್ರೀ?”

“ನಾನೇ ಸಾರ್. ತಪ್ಪಾಯ್ತು.”

“ತಪ್ಪೇನ್ರೀ? ಆ ಆಪರೇಟರು ಈಗಷ್ಟೇ ಕೆಲಸ ಬಿಟ್ಟೆ ಅಂದ. ಇವತ್ತಿಂದ ನೀವೇ ನೋಡ್ಕೊಳ್ಳಿ. ಗಾರ್ಡಿಗೂ ಹೇಳ್ತೀನಿ, ಫೋನ್ ಕೊಡಿ.”

ಗೋಡೆ ಸಿಕ್ಕ ದಿನ ಊಟ ಎನ್ನುವಂಥ ಬದುಕು ಪೇಂಟರನದು. ಅವನು ಗೇಟಿನಾಚೆ ಓಡಿ ಹೆಂಡತಿಗೆ ಹೇಳಿದ. ಅವಳು ಕೊಡ ಕೆಳಗಿಟ್ಟು, ಅವನ ಗಲ್ಲದ ಮೇಲೆ ಒಣಗಿದ್ದ ಪೇಸ್ಟನ್ನು ಬೆರಳಿನಿಂದ ಒರೆಸಿದಳು. “ಅಂತೂ ಖಾಯಂ ಕೆಲಸ ಅನ್ನಿ,” ಎಂದಳು. ಕಣ್ಣು ತುಂಬಿತ್ತು.

ಎದೆಯುಬ್ಬಿಸಿ ಮರಳಿದವನಿಗೆ ಲಾಠಿ ಅಡ್ಡ ಬಂತು.

“ಈಗ ನಿಮಗೆ ಅನುಮತಿ ಇದೆ. ಸಾಹೇಬ್ರೇ ಹೇಳಿದ್ರು. ಒಳಗೆ ಬಿಡೋ ಹಾಗಿಲ್ಲ.”

“ಬೋರ್ಡ್ ತಿದ್ದಿಬಿಡ್ತೀನಿ ಸಾರ್.”

“ಅನುಮತಿ ಕೊಟ್ಟಿರೋದು ಪಂಪ್ ಹಾಕೋಕೆ. ಬಣ್ಣ ಹಚ್ಚೋಕಲ್ಲ.”

“ಟ್ಯಾಂಕ್ ತುಂಬಿದ್ರೆ ನಿಲ್ಲಿಸೋರು ಯಾರು?”

ಗಾರ್ಡು ಉತ್ತರಿಸುವ ಮೊದಲೇ ಹೆಂಡತಿ ಮುಂದೆ ಬಂದಳು. “ನನಗಂತೂ ಯಾವ ಅನುಮತಿಯೂ ಇಲ್ಲಪ್ಪ.”

ಗಾರ್ಡು ಪಕ್ಕಕ್ಕೆ ಸರಿದು ಸಲ್ಯೂಟ್ ಹೊಡೆದ. ಸ್ವಲ್ಪ ಹೊತ್ತಿಗೆ ಅವಳ ಮುಖ ಕಿಟಕಿಯಲ್ಲಿ ಕಂಡಿತು.

“ರೀ, ಆ ಕೊಡ ತಗೊಂಡು ಮನೆಗೆ ಹೋಗಿ, ಅಡುಗೆಗಿಡಿ. ನನಗಿಲ್ಲಿ ಡ್ಯೂಟಿ ಇದೆ.”