ಓಣಿ ದಾಟದ ಗ್ಯಾಸು

ಈ ಊರಿನಲ್ಲಿ ನೆಲ ಅಗೆಯುವವನಿಗೆ ನಗೆ ಪ್ರಸಂಗಗಳ ಬರವಿಲ್ಲ. ಅಗೆಯಲು ಅಪ್ಪಣೆ ಕೇಳುವವನಿಗಂತೂ ದಿನಕ್ಕೊಂದು ಕಾದಿರುತ್ತದೆ. ಮನೆಮನೆಗೆ ಅಡುಗೆ ಗ್ಯಾಸಿನ ಪೈಪು ಹಾಕುವ ಕಂಪನಿಯೊಂದರಲ್ಲಿ ಪರವಾನಗಿಯ ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ತಿರುಗುವುದೇ ನನ್ನ ನೌಕರಿ. ಗ್ಯಾಸು ಸಮುದ್ರ ದಾಟಿ ಹುಬ್ಬಳ್ಳಿಯವರೆಗೆ ಸಲೀಸಾಗಿ ಬಂದುಬಿಡುತ್ತದೆ. ಹನ್ನೆರಡು ಅಡಿಯ ಓಣಿ ದಾಟಲು ಮಾತ್ರ ಅದಕ್ಕೆ ಸರಕಾರದ ಸಹಿ ಬೇಕು.

ದುರ್ಗದಬೈಲಿನ ಹಿಂದಿನ ಒಂದೇ ಓಣಿಯ ಸಂಗತಿ ಹೇಳುತ್ತೇನೆ, ಸಾಕು.

ಅರ್ಜಿಯ ಫಲ

ಆ ಓಣಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಎಲ್ಲರಿಗೂ ಅವರು ಅಕ್ಕೋರು. ಎದುರು ಮನೆ ಅವರ ಒಡಹುಟ್ಟಿದ ತಂಗಿಯದು. ಮುಖ್ಯ ಪೈಪು ತಂಗಿಯ ಬದಿಗೆ ಹೋದದ್ದರಿಂದ ಅಲ್ಲಿ ಮೊದಲು ಒಲೆ ಹೊತ್ತಿತು. ಅಕ್ಕೋರ ಮನೆಯಲ್ಲೂ ಮೀಟರು, ಹೊಸ ಒಲೆ ಎಲ್ಲ ಕೂರಿಸಿ ಆಗಿತ್ತು. ಓಣಿಗೆ ಅಡ್ಡಲಾಗಿ ಒಂದು ಗೆರೆ ಅಗೆಯುವುದಷ್ಟೇ ಬಾಕಿ. ನಾವು ಗುದ್ದಲಿ ಹಿಡಿದು ಹೋಗುವ ಹಿಂದಿನ ದಿನ ರಸ್ತೆಗೆ ಡಾಂಬರು ಬಿತ್ತು. ಹೊಸ ರಸ್ತೆಯನ್ನು, ಅದರ ದುರಸ್ತಿ ಗುತ್ತಿಗೆದಾರನ ಹೊಣೆಯಾಗಿರುವ ಮೂರು ವರ್ಷ ಮುಗಿಯುವ ತನಕ ಯಾರೂ ಅಗೆಯುವಂತಿಲ್ಲ ಎಂಬುದು ನಿಯಮ. ರಸ್ತೆ ಕೆಡಿಸದೆ ಅಡಿಯಿಂದಲೇ ಕೊರೆಯೋಣವೆಂದರೆ, ಅಡಿಯಲ್ಲಿ ನೀರಿನ ಹಳೆಯ ಪೈಪು ಎಲ್ಲಿ ಹೋಗಿದೆ ಎಂದು ನೀರಿನವರಿಗೇ ಗೊತ್ತಿರಲಿಲ್ಲ.

ಇಷ್ಟು ವರ್ಷ ಇಲ್ಲದ ಡಾಂಬರು ಈಗೇಕೆ ಬಂತೆಂದು ಪಾಲಿಕೆ ಕಚೇರಿಯಲ್ಲಿ ಜಗಳ ತೆಗೆದೆ. ಗುಮಾಸ್ತರು ಫೈಲು ಬಿಚ್ಚಿದರು. ಓಣಿಗೆ ರಸ್ತೆ ಬೇಕೆಂದು ಹದಿನೇಳು ಅರ್ಜಿಗಳು. ಎಲ್ಲವೂ ದುಂಡನೆಯ ಅಕ್ಷರ, ಒಂದೂ ತಪ್ಪಿಲ್ಲ. ಎಲ್ಲದರ ಕೆಳಗೂ ಅಕ್ಕೋರ ಸಹಿ.

ಎದುರಿನವರು

ಆ ಅರ್ಜಿಗಳ ಪ್ರತಾಪ ಅಷ್ಟಕ್ಕೇ ಮುಗಿಯಲಿಲ್ಲ. ರಸ್ತೆ ಅಗಲ ಮಾಡಲು ತಂಗಿಯ ಮನೆಯ ಕಟ್ಟೆ ಒಡೆದರು. ಸಂಜೆಯಾದರೆ ಅಕ್ಕ ತಂಗಿ ಇಬ್ಬರೂ ಕೂತು ಹರಟುತ್ತಿದ್ದ ಕಟ್ಟೆ ಅದು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ನಾನು ಓಣಿಗೆ ಹೋದಾಗಲೆಲ್ಲ ಅಕ್ಕೋರು ಎದುರಿನವರ ಒಲೆ ಚೆನ್ನಾಗಿ ಉರಿಯುತ್ತದೆಯೇ ಎಂದು ಕೇಳುವರು. ಆಮೇಲೆ ಇವತ್ತು ಏನು ಅಡುಗೆ, ಆಮೇಲೆ ಅವರ ಮೊಣಕಾಲು ನೋವು ಹೇಗಿದೆ ಎಂದು. ಮೊಣಕಾಲಿಗೂ ಗ್ಯಾಸಿಗೂ ಏನು ಸಂಬಂಧವೆಂದು ನಾನು ಕೇಳಲಿಲ್ಲ. ತಂಗಿಯೂ ಕಡಿಮೆಯಿಲ್ಲ. ಎದುರಿನವರಿಗೆ ಗ್ಯಾಸು ಯಾವಾಗ ಕೊಡುತ್ತೀರಿ, ಈ ವಯಸ್ಸಿನಲ್ಲಿ ಅವರು ಸಿಲಿಂಡರು ಎಳೆದಾಡಬೇಕೇ ಎಂದು ನನ್ನನ್ನೇ ದಬಾಯಿಸುವರು. ಹನ್ನೆರಡು ಅಡಿ ದೂರದಲ್ಲಿದ್ದೂ ಒಬ್ಬರ ಸುದ್ದಿ ಒಬ್ಬರಿಗೆ ನನ್ನಿಂದಲೇ ಮುಟ್ಟಬೇಕಿತ್ತು.

ಒಮ್ಮೆ ತಡೆಯಲಾರದೆ, ನೀವೇ ಹೋಗಿ ಮಾತಾಡಿಸಬಾರದೇ ಎಂದು ಅಕ್ಕೋರಿಗೆ ಹೇಳಿಯೇಬಿಟ್ಟೆ. ಅವರು ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು.

“ನಿಮಗ ಓಣಿ ದಾಟಾಕ ಪರವಾನಗಿ ಬೇಕಲ್ರೀ? ನನಗೂ ಬೇಕು. ಅಕಿ ಕರೀಬೇಕು.”

ಗಟ್ಟಿ ರಸ್ತೆ

ನಮ್ಮ ಕಡೆ ಹೊಸ ರಸ್ತೆಗೆ ಹೆಚ್ಚೆಂದರೆ ಒಂದು ಮಳೆಗಾಲದ ಆಯುಷ್ಯ. ರಸ್ತೆ ಕೆಟ್ಟರೆ ದುರಸ್ತಿಯ ನೆಪದಲ್ಲಿ ಅಗೆಯಲು ದಾರಿಯಾದೀತು ಎಂದು ಗುಮಾಸ್ತರು ಕಿವಿಯಲ್ಲಿ ಹೇಳಿದ್ದರು. ಅದನ್ನು ಕೇಳಿದ ಅಕ್ಕೋರು ಮಳೆ ನಿಂತಿತೆಂದರೆ ಕೋಲು ಹಿಡಿದು ಹೊರಬಂದು ಡಾಂಬರು ಕುಟ್ಟಿ ನೋಡತೊಡಗಿದರು. ಎರಡು ಮಳೆಗಾಲ ಕಳೆದವು. ಗುಂಡಿ ಹೋಗಲಿ, ಒಂದು ಬಿರುಕೂ ಇಲ್ಲ. ಕಡೆಗೆ ಕೋಲು ಗೋಡೆಗೆ ಆನಿಸಿ ನಿಟ್ಟುಸಿರು ಬಿಟ್ಟರು.

“ಎಂಥಾ ಗುತ್ತಿಗೆದಾರನ್ನ ಹುಡುಕಿ ಕೊಟ್ಟಾರ್ರೀ ನಮಗ. ರೊಕ್ಕ ತಿನ್ನಾಕೂ ಬರೂದಿಲ್ಲ ಅಂವಗ.”

ನೀರಿನವರು ಬಂದರು

ಮೊನ್ನೆ ಬೇಸಿಗೆಯಲ್ಲಿ ಓಣಿಯಡಿಯ ನೀರಿನ ಪೈಪು ಒಡೆಯಿತು. ತುರ್ತು ಕೆಲಸಕ್ಕೆ ಪರವಾನಗಿ ಬೇಡವಂತೆ. ನೀರಿನವರು ಬೆಳಿಗ್ಗೆ ಬಂದವರೇ ಓಣಿಯನ್ನು ಅಡ್ಡಲಾಗಿ, ನಮಗೆ ಬೇಕಾದಲ್ಲೇ ಅಗೆದರು. ಅಕ್ಕೋರು ಫೋನು ಮಾಡಿ ಲಗೂ ಬರ್ರಿ ಎಂದರು. ಗುಂಡಿ ತೆರೆದಿರುವಾಗಲೇ ನಮ್ಮ ಪೈಪೂ ಇಳಿದುಬಿಡಲಿ ಎಂದು ನಾನು ಕಚೇರಿಗೆ ಓಡಿದೆ. ನೀರಿನ ಗುಂಡಿ ನೀರಿಗೆ ಮಾತ್ರ, ಗ್ಯಾಸಿಗೆ ಬೇರೆ ಅರ್ಜಿ, ಬೇರೆ ಪರಿಶೀಲನೆ ಎಂದರು. ಹೇಗೋ ಸಹಿ ಹಾಕಿಸಿಕೊಂಡು ಮೂರನೆಯ ದಿನ ಬಂದರೆ, ಗುಂಡಿ ಮುಚ್ಚಿ ಇಡೀ ಓಣಿಗೆ ಹೊಸ ಡಾಂಬರು ಹೊಡೆದುಬಿಟ್ಟಿದ್ದರು. ಇನ್ನೂ ಬಿಸಿಯಾಗಿತ್ತು. ಮೂರು ವರ್ಷದ ಹೊಣೆ ಮತ್ತೆ ಮೊದಲಿನಿಂದ.

ಸಹಿಯ ಕಾಗದ ಹಿಡಿದೇ ಅಕ್ಕೋರ ಬಾಗಿಲಿಗೆ ಹೋದೆ. ಅವರೇ ಒಳಗೆ ಕರೆದು ಕೂರಿಸಿ ಚಹಾಕ್ಕಿಟ್ಟರು. ನೀರು ಕುದಿ ಬರುವ ಮೊದಲೇ ಸಿಲಿಂಡರು ಮುಗಿದು ಉರಿ ಆರಿತು. ಆರಿದ ಒಲೆಯನ್ನೂ, ಎರಡು ವರ್ಷದಿಂದ ಪಕ್ಕದಲ್ಲಿ ಹೊತ್ತದೆ ಕೂತ ಹೊಸ ಒಲೆಯನ್ನೂ ನೋಡುತ್ತ ನಿಂತರು. ಅವರ ಕಣ್ಣು ತುಂಬಿತ್ತು.

ಎದುರಿನ ಕಿಟಕಿಯಲ್ಲಿ ತಂಗಿ ಯಾವಾಗಿನಿಂದ ನಿಂತು ನೋಡುತ್ತಿದ್ದರೋ ಗೊತ್ತಿಲ್ಲ.

“ಅಕ್ಕಾ, ಪಾತೇಲಿ ತಗೊಂಡು ಇಲ್ಲಿ ಬಾ. ಉರಿ ಐತಿ.”

ಅಕ್ಕೋರು ಎರಡೂ ಕೈಯಲ್ಲಿ ಚಹಾದ ಪಾತೇಲಿ ಹಿಡಿದು, ಬಿಸಿ ಡಾಂಬರಿಗೆ ಅಂಟುವ ಚಪ್ಪಲಿ ಕೀಳುತ್ತ ಓಣಿ ದಾಟಿದರು. ಐದು ನಿಮಿಷದ ಚಹಾಕ್ಕೆ ಒಂದು ತಾಸು ಹಿಡಿಯಿತು. ಅತ್ತ ಕಡೆಯಿಂದ ಒಮ್ಮೆ ಅಳು, ಒಮ್ಮೆ ನಗು ಕೇಳುತ್ತಿತ್ತು. ನಾನು ಎದ್ದು ಹೋಗಲೂ ಆಗದೆ ಕೂತಿದ್ದೆ. ಕಡೆಗೆ ಅಕ್ಕೋರು ಬಂದು ನನ್ನ ಕೈಗೆ ಕಪ್ಪು ಕೊಟ್ಟರು. ಮೊದಲ ಗುಟುಕಿಗೇ ಹಲ್ಲು ಜುಮ್ಮೆಂದಿತು, ಅಷ್ಟು ಸಿಹಿ. ನನ್ನ ಮುಖ ನೋಡಿ ಅವರು ಕಣ್ಣೊರೆಸಿಕೊಂಡು ನಕ್ಕರು.

“ಸಕ್ಕರಿ ಅಕಿನ ಹಾಕ್ಯಾಳ್ರಿ. ಎರಡು ವರ್ಷದ್ದು ಒಮ್ಮೇ ಹಾಕ್ಯಾಳ.”